ಅಕ್ರೋಟದ ಕರೆ ಹತ್ತಿದ ಕೈಗಳು

ಸಾರೆಲ್ ಕಣಿವೆಯಲ್ಲಿ ಅಕ್ಟೋಬರ್ ಹುಟ್ಟಿತೆಂದರೆ ತಗಡಿನ ಮಾಡುಗಳ ಮೇಲೆ ಕಾಡು ಅಕ್ರೋಟದ ಕಾಯಿಗಳು ದಬ್ ದಬ್ ಎಂದು ಉದುರತೊಡಗುತ್ತವೆ. ಆ ಸದ್ದಿಗೆ ಅಲ್ಲಿನ ನಾಯಿಯೂ ಕಿವಿ ನಿಮಿರಿಸುವುದಿಲ್ಲ. ರೊವೀನಾ ಪ್ರೂಯಿಟ್ ಅದನ್ನೇ ಜೋಗುಳವೆಂದುಕೊಂಡು ಬೆಳೆದವಳು. ಅವಳಪ್ಪ ಓರ್ವಲ್ ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸಿ, ಅಕ್ರೋಟದ ಸುಗ್ಗಿಯಲ್ಲಿ ನಡುಹಗಲೆಲ್ಲ ಸಿಪ್ಪೆ ಸುಲಿಯುವ ಯಂತ್ರ ನಡೆಸುತ್ತಿದ್ದ. ಗುಡ್ಡದ ಜನ ಪಿಕಪ್ ಗಾಡಿಗಳಲ್ಲಿ ಕಾಯಿ ಹೇರಿಕೊಂಡು ಬಂದು ಅವನ ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುವರು. ಆ ಹಸಿರು ಸಿಪ್ಪೆಯ ರಸ ಕೈಗೆ ತಗುಲಿತೋ, ಮುಗಿಯಿತು. ಯಾವ ಸಾಬೂನಿಗೂ ಜಗ್ಗದ ಕರೆ ಅದು. ಚರ್ಮ ತಾನಾಗಿ ಸುಲಿದು ಹೊಸದು ಬರುವ ತನಕ ಕೈ ಇದ್ದಿಲು ಮುಟ್ಟಿದ ಹಾಗೇ ಇರಬೇಕು.

ಚಿಕ್ಕವಳಿದ್ದಾಗ ಒಮ್ಮೆ ಹುಲ್ಲಿನಟ್ಟದಿಂದ ಜಾರಿಬಿದ್ದು ರೊವೀನಾಳ ಕುತ್ತಿಗೆ ಹಿಡಿದುಕೊಂಡಿತ್ತು. ತಾಯಿಯಿಲ್ಲದ ಮಗು. ಸಾಕುತ್ತಿದ್ದ ಸೋದರತ್ತೆ ವರ್ಡೀ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕ್ಯಾಗಲ್ ಡಾಕ್ಟರ ಬಳಿಗೆ ಓಡಿದಳು. ಕ್ಯಾಗಲ್ ಆಸ್ಟಿಯೋಪಥಿ ಓದಿದ ಡಾಕ್ಟರು. ಉಳಿದ ಡಾಕ್ಟರರ ಹಾಗೇ ಮಾತ್ರೆ ಬರೆಯುತ್ತಾರೆ, ಸೂಜಿ ಹಾಕುತ್ತಾರೆ, ಹೆರಿಗೆ ಮಾಡಿಸುತ್ತಾರೆ. ಅದರ ಮೇಲೆ, ಮೈಯಲ್ಲಿ ಮೂಳೆಯೋ ಮಾಂಸವೋ ಎಲ್ಲಿ ಬಿಗಿದುಕೊಂಡಿದೆ ಎಂದು ಕೈಯಿಂದಲೇ ಹುಡುಕಿ ಸಡಿಲಿಸುವ ವಿದ್ಯೆಯೂ ಅವರದು. ಅವತ್ತು ಅವರು ಮಂಚದ ತಲೆಯ ಕಡೆ ಕುಳಿತು, ಅವಳ ತಲೆಯನ್ನು ಎರಡು ಅಂಗೈಗಳಲ್ಲಿ ಮೊಟ್ಟೆಯಂತೆ ಇಟ್ಟುಕೊಂಡು ಸುಮ್ಮನಾದರು. ಏನೂ ಮಾಡುತ್ತಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಹುಡುಗಿಗೆ ಮಂಚ ಮೆಲ್ಲಗೆ ದೋಣಿಯಾದ ಹಾಗೆ, ಕೆಳಗೆ ಎಲ್ಲೋ ನೀರು ಹರಿದ ಹಾಗೆ, ದಡದ ಮರಗಳು ಹಿಂದಕ್ಕೆ ಸರಿದ ಹಾಗೆ ಆಯಿತು. ಕಣ್ಣು ಬಿಟ್ಟಾಗ ಕುತ್ತಿಗೆ ಹಗುರಾಗಿತ್ತು. ಆ ನೀರಿನ ಸದ್ದು ಮಾತ್ರ ಅವಳೊಳಗೇ ಉಳಿದುಬಿಟ್ಟಿತು.

ದೊಡ್ಡವಳಾಗಿ ಕಾಲೇಜು ಓದುವಾಗ ರಜೆಯಲ್ಲೆಲ್ಲ ಅವಳು ಡಾಕ್ಟರ ಹಿಂದೆ ನಿಂತು ಕೆಲಸ ನೋಡುತ್ತಿದ್ದಳು. ಕ್ಯಾಗಲ್ ಅವಳಿಗೆ ಒಂದು ಆಟ ಕಲಿಸಿದರು. ಹಳೆಯ ಟೆಲಿಫೋನ್ ಪುಸ್ತಕದ ಹಾಳೆಯಡಿ ತಮ್ಮ ಕುದುರೆಯ ಬಾಲದ ಕೂದಲೊಂದನ್ನಿಟ್ಟು, ಎಲ್ಲಿದೆ ಹೇಳು ಎನ್ನುವರು. ಸಿಕ್ಕಿತೆಂದರೆ ಮೇಲೆ ಇನ್ನೊಂದು ಹಾಳೆ. ಕುದುರೆ ಕೂದಲು ಹೋಗಿ ಅವಳದೇ ತಲೆಗೂದಲು ಬಂತು. ರೊವೀನಾ ಕಣ್ಣು ಮುಚ್ಚಿ ಹಾಳೆಗಳ ಮೇಲೆ ಬೆರಳಾಡಿಸುತ್ತ ಕುಳಿತರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಹುಡುಕಿದರೆ ಕೂದಲು ಸಿಗುವುದಿಲ್ಲ, ಸುಮ್ಮನೆ ಕಾದರೆ ಅದೇ ಬೆರಳಿನಡಿಗೆ ಬರುತ್ತದೆ ಎಂಬುದು ಅವಳಿಗೆ ಹಾಗೆ ತಿಳಿಯಿತು.

ವೈದ್ಯಕೀಯ ಪ್ರವೇಶ ಪರೀಕ್ಷೆಯ ಮಾರ್ಕು ಬಂದಾಗ ಊರಿಗೆ ಊರೇ ಬೆರಗಾಯಿತು. ಆ ಜಿಲ್ಲೆಯಲ್ಲಿ ಅಷ್ಟು ತೆಗೆದವರನ್ನು ಯಾರೂ ಕಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ವರ್ಡೀ ಅತ್ತೆ ತನ್ನ ಹೋಟೆಲಿನಲ್ಲಿ ಮೆತ್ತನೆಯ ಬನ್ನಿನಂಥ ಬಿಸಿ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿಯುತ್ತ, ಗಿರಾಕಿಗಳೆಲ್ಲ ಕೇಳುವ ಹಾಗೆ ಶುರುಮಾಡಿದಳು.

"ಅಲ್ಲ ಕಣೇ, ಇಷ್ಟು ಮಾರ್ಕು ತಗೊಂಡು ಬೆನ್ನು ತಿಕ್ಕೋ ಕಾಲೇಜಿಗೆ ಹೋಗ್ತೀಯ? ನಿಮ್ಮಪ್ಪನ ಬೆನ್ನು ಮನೇಲೇ ಬಿದ್ದೈತೆ, ತಿಕ್ಕು. ಅದಕ್ಕೆ ಯಾವ ಕಾಲೇಜು ಬೇಕು?"

"ಬೆನ್ನು ತಿಕ್ಕೋದಲ್ಲ ಅತ್ತೆ. ಅವರೂ ಪೂರ್ತಿ ಡಾಕ್ಟ್ರೇ."

"ಗೊತ್ತು ಬಿಡು, ನಿನ್ನ ಕುತ್ತಿಗೆ ಸರಿ ಮಾಡಿಸಿದ್ದು ನಾನೇ. ಸುಮ್ನೆ ನಿನ್ನ ರೇಗಿಸ್ದೆ. ತಿನ್ನು, ಆರೋಗ್ತದೆ."

ಆಸ್ಟಿಯೋಪಥಿಯನ್ನೇ ಓದುವುದೆಂದು ಅವಳು ಎಂದೋ ತೀರ್ಮಾನಿಸಿದ್ದಳು. ತೊಡಕು ಯಾವ ಕಾಲೇಜಿಗೆ ಅರ್ಜಿ ಹಾಕುವುದೆಂಬುದರಲ್ಲಿತ್ತು. ಅವಳ ಕಾಲೇಜಿನ ಮಾರ್ಗದರ್ಶಿ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದರು: "ಹೆಸರಿರೋ ಕಡೆಗೇ ಹಾಕು. ಆ ಗುಡ್ಡದ ಮೇಲಿನ ಚಿಕ್ಕ ಕಾಲೇಜಿನ ಸುದ್ದೀಗೇ ಹೋಗ್ಬೇಡ. ನಿನ್ನ ಮಾರ್ಕು ನೋಡಿದ್ರೆ ಅವರೇ ನಂಬಲ್ಲ. 'ಇವಳೆಲ್ಲಿ ಬರೋಳು, ಕೈಲೊಂದು ಇರ್ಲಿ ಅಂತ ಹಾಕಿದಾಳೆ' ಅಂತಾರೆ."

ಕ್ಯಾಗಲ್ ಡಾಕ್ಟರು ಹೇಳಿದ್ದು ಬೇರೆ. "ಕಟ್ಟಡ ನೋಡ್ಬೇಡಮ್ಮ. ಮೊದಲೆರಡು ವರ್ಷ ಎಲ್ಲಾ ಕಡೆ ಅದೇ ಪುಸ್ತಕ. ಮೂರನೇ ವರ್ಷ ಯಾವ ಆಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ನಿನ್ನ ಪಕ್ಕ ನಿಂತು ಕಲಿಸೋರು ಯಾರು, ಅದನ್ನ ಕೇಳು. ಇನ್ನೊಂದು. ಪಾಠ ಮುಗಿದ್ಮೇಲೆ, ಕೈವಿದ್ಯೆ ಕಲಿಸೋ ಮಂಚದ ಕೋಣೇಲಿ ದೀಪ ಉರೀತಿದ್ಯಾ ನೋಡು. ನಾನು ಓದೋವಾಗ ಕರೆಯೋರಿಲ್ದಿದ್ರೂ ಅಲ್ಲೇ ಬಿದ್ದಿರ್ತಿದ್ವಿ, ಒಬ್ರ ಬೆನ್ನು ಒಬ್ರು ಮುಟ್ಕೊಂಡು. ಈಗ ಎಷ್ಟೋ ಕಡೆ ಪರೀಕ್ಷೆ ಮುಗೀತಿದ್ದ ಹಾಗೇ ಕೈ ಜೇಬಿಗೆ ಹೋಗ್ತದೆ."

ರೊವೀನಾಗೆ ಹೆದರಿಕೆ ಇದ್ದದ್ದು ಅದೇ. ಡಾಕ್ಟರಂತೂ ಆಗುತ್ತಾಳೆ, ಆದರೆ ಕೈ ಮರೆತುಹೋದರೆ? ಆ ಬೇಸಿಗೆ ಅವಳಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ತುಂಬ ಬೆಳಕಿನ ಒಂದು ಕೋಣೆ, ಸಾಲು ಮಂಚಗಳು, ಮಂಚದ ಮೇಲೆಲ್ಲ ಮಂಜು ಮಲಗಿರುತ್ತದೆ. ಅವಳು ಅಂಗೈಯಿಡುತ್ತಾಳೆ, ಕೆಳಗೆ ಏನೂ ಇರುವುದಿಲ್ಲ.

ಕಡೆಗೆ ಮೂರು ಕಡೆ ಹಾಕಿದಳು. ಮೇಡಂ ಮಾತಿಗೆ, ದೊಡ್ಡ ನಗರದಲ್ಲಿ ಸರೋವರದ ದಡಕ್ಕಿದ್ದ ಗಾಜಿನ ಕಾಲೇಜು. ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ, ಆ ಆಸೆಗೆ ಪಡುವಣ ಕಡಲಿನ ಹತ್ತಿರದ್ದೊಂದು. ಮೂರನೆಯದು ಯಾಕೆಂದು ಯಾರಿಗೂ ಹೇಳದೆ, ರಾಜ್ಯದ ಗಡಿಯಾಚೆಯ ಗುಡ್ಡದ ಚಿಕ್ಕ ಕಾಲೇಜು.

ಗಾಜಿನ ಕಾಲೇಜಿನ ಸಂದರ್ಶನ ಸರಿಯಾಗಿ ಅಕ್ರೋಟದ ಸುಗ್ಗಿಯಲ್ಲೇ ಬಂತು. ಅಪ್ಪನಿಗೆ ಭುಜ ಹಿಡಿದುಕೊಂಡಿದ್ದರಿಂದ ಯಂತ್ರಕ್ಕೆ ಕಾಯಿ ಸುರಿಯುವ ಕೆಲಸ ಅವಳ ಮೇಲೆ ಬಿದ್ದಿತ್ತು. ಕೈಗವಸಿನೊಳಕ್ಕೂ ರಸ ಇಳಿದು ಎರಡೂ ಕೈ ಮಣಿಕಟ್ಟಿನ ತನಕ ಕಪ್ಪಾದವು. ಅತ್ತೆ ನಿಂಬೆಹಣ್ಣಿನಿಂದ ತಿಕ್ಕಿದಳು, ಮರಳಿನಿಂದ ತಿಕ್ಕಿದಳು, ಬಟ್ಟೆ ಬಿಳುಪು ಮಾಡುವ ನೀರಿನಲ್ಲಿ ಅದ್ದಿಸಿದಳು.

"ಹೆಣ ಹೂಳಿ ಬಂದೋಳ ಕೈ ಆಗೈತೆ," ಎಂದು ತಾನು ಚರ್ಚಿಗೆ ಹಾಕಿಕೊಳ್ಳುವ ಬೂದು ಬಣ್ಣದ ಕೈಗವಸು ತಂದುಕೊಟ್ಟಳು. "ಇದನ್ನ ಹಾಕ್ಕೊಂಡು ರಾಣಿ ಥರ ಕೂತ್ಕೋ. ತೆಗೀಬೇಡ ಮತ್ತೆ."

ರೊವೀನಾ ಹಾಗೇ ಕುಳಿತಳು. ಗಾಜಿನ ಗೋಡೆಯ ಆಚೆ ಸರೋವರ ಮುಗಿಲಿನ ಜೊತೆ ಕಲೆತುಹೋಗಿ, ಕೋಣೆಯೇ ನೀರಿನಲ್ಲಿ ತೇಲುತ್ತಿರುವಂತಿತ್ತು. ಅಷ್ಟು ಚೆಂದದ್ದನ್ನು ಅವಳು ಕಂಡಿರಲಿಲ್ಲ. ಎದುರಿಗೆ ಕುಳಿತಿದ್ದವರು ವಿಚಾರಿಸಿದರು: ಇಂಥ ಮಾರ್ಕಿನವರಿಗೆ ಎಲ್ಲ ಕಡೆಯೂ ಬಾಗಿಲು ತೆರೆದಿರುತ್ತದೆ, ನಮ್ಮಲ್ಲಿಗೇ ಯಾಕೆ?

ಇಲ್ಲಿ ಒಂದು ಮಾತು ಹೇಳಬೇಕು. ಸಾರೆಲ್ ಕಣಿವೆಯಲ್ಲಿ ಎದುರಿಗೆ ಹೊಗಳುವುದು ಹೇಸರಗತ್ತೆ ಮಾರುವವನ ಬುದ್ಧಿ. ಮರ್ಯಾದಸ್ಥರು ಹಾಗೆ ಮಾಡುವುದಿಲ್ಲ. ಹೊಸ ಮದುವಣಗಿತ್ತಿಗೂ, ಹೊಟ್ಟೆತುಂಬ ಉಂಡ ಊಟಕ್ಕೂ, ಸತ್ತು ಬದುಕಿದ ಗಂಡಸಿಗೂ ಅಲ್ಲಿನವರು ಹೇಳುವುದು ಒಂದೇ ಮಾತು. ಅದರ ಮೇಲಿನ ಹೊಗಳಿಕೆ ಅವರಲ್ಲಿಲ್ಲ. ರೊವೀನಾ ಕೈಗವಸಿನ ಕೈಗಳನ್ನು ಮೇಜಿನಡಿ ಬಿಗಿಹಿಡಿದು, ಮನಸ್ಸು ತುಂಬಿ, ಅದನ್ನೇ ಹೇಳಿದಳು.

"ಅಡ್ಡಿಯಿಲ್ಲ ಅನ್ನಿಸ್ತು."

ಎರಡು ವಾರಕ್ಕೆ ಅಲ್ಲಿಂದ ಬೇಡವೆಂಬ ಉತ್ತರ ಬಂತು. ಕ್ಯಾಗಲ್ ಡಾಕ್ಟರು ನಡೆದದ್ದನ್ನೆಲ್ಲ ಕೇಳಿ ಮೊದಲು ಹಣೆ ಚಚ್ಚಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಹುಡುಗಿ, ಕೈ ನೋಡಿ ಸೇರಿಸ್ಕೊಳ್ಳೋರ ಹತ್ರ ಕೈ ಮುಚ್ಕೊಂಡು ಹೋದ್ಯಾ? ಮೇಲೆ ಅಡ್ಡಿಯಿಲ್ಲ ಬೇರೆ! ನಮ್ಮೂರಲ್ಲಿ ಅದು ಹೂವಿನ ಹಾರ. ಅಲ್ಲಿ ಅದು ನೆನ್ನೆಯ ಹಳಸಿದ ಹಾಲು."

"ಮತ್ತೇನ್ ಹೇಳ್ಬೇಕಿತ್ತು ಡಾಕ್ಟ್ರೆ?"

"ಅವರ ಗಾಜು, ಅವರ ಸರೋವರ, ಎಲ್ಲಾನೂ ಬಾಯ್ತುಂಬ ಹೊಗಳ್ಬೇಕು."

"ನನ್ ಕೈಲಾಗಲ್ಲ. ನಾಲಿಗೆ ಏಳಲ್ಲ."

"ಹಾಗಾದ್ರೆ ಹೊಗಳ್ಬೇಡ. ನಿನಗೆ ನಿಜವಾಗ್ಲೂ ಏನು ಬೇಕೋ ಅದನ್ನ ಕೇಳು. ಮತ್ತೆ ಆ ಕೈಗವಸು ನಿಮ್ಮತ್ತೆಗೆ ವಾಪಸ್ ಕೊಡು, ಅವಳು ಚರ್ಚಿಗೆ ಹೋಗ್ಲಿ."

ಗುಡ್ಡದ ಕಾಲೇಜಿಗೆ ಅವಳು ಅಪ್ಪನ ಪಿಕಪ್ ಓಡಿಸಿಕೊಂಡು ಒಬ್ಬಳೇ ಹೋದಳು. ದಾರಿಯುದ್ದಕ್ಕೂ ಮಂಜು. ಗುಡ್ಡಗಳು ನಿದ್ದೆಯಲ್ಲಿ ಮಗ್ಗುಲಾಗುವ ದನಗಳ ಹಾಗೆ ಒಂದೊಂದಾಗಿ ಕಂಡು ಮರೆಯಾಗುತ್ತಿದ್ದವು. ಸ್ಟಿಯರಿಂಗಿನ ಮೇಲಿದ್ದ ತನ್ನ ಕಪ್ಪು ಕೈಗಳು ಅವಳಿಗೆ ಬೇರೆ ಯಾರವೋ ಎಂಬಂತೆ ತೋರಿದವು. ಇಲ್ಲಿಯೂ ಬೇಡವೆಂದರೆ ಉಳಿಯುವುದು ಕಡಲ ಕಾಲೇಜೊಂದೇ.

ಸಂದರ್ಶನಕ್ಕೆ ಕುಳಿತಾಕೆ ಡಾಕ್ಟರ್ ಹೆಸ್ಟರ್ ನಾರ್ಕ್ರಾಸ್ ಎಂಬ ನರೆತ ಹೆಂಗಸು. ಮೇಜಿನ ಮೇಲಿಟ್ಟ ಕೈಗಳನ್ನು ನೋಡಿದರು, ಆದರೆ ಅದರ ಮಾತೆತ್ತಲಿಲ್ಲ.

"ನಿಜ ಹೇಳಮ್ಮ. ಈ ಮಾರ್ಕು ಇಟ್ಕೊಂಡು ಇಲ್ಲಿಗೆ ಯಾಕೆ ಬಂದೆ? ನಾವು ಸೀಟು ಕೊಡ್ತೀವಿ, ನೀನು ಬೇಸಿಗೆಗೆ ಬೇರೆ ಕಡೆ ಹಾರ್ತೀಯ. ಎಷ್ಟು ಜನರನ್ನ ನೋಡಿದೀನಿ."

ರೊವೀನಾ ನಾಲಿಗೆಯ ತುದಿಗೆ ಬಂದ 'ಅಡ್ಡಿಯಿಲ್ಲ'ವನ್ನು ನುಂಗಿಕೊಂಡಳು. "ನಾನೊಂದು ಕೇಳ್ಬೋದಾ ಮೇಡಂ? ಮೂರನೇ ವರ್ಷ ನಮ್ಮನ್ನ ಎಲ್ಲಿಗೆ ಕಳಿಸ್ತೀರಿ?"

"ದೊಡ್ಡ ಆಸ್ಪತ್ರೆ ನಮಗಿಲ್ಲ. ಈ ಗುಡ್ಡಗಳಲ್ಲಿ ಸಣ್ಣ ಸಣ್ಣ ಆಸ್ಪತ್ರೆ ಅದಾವೆ, ಅಲ್ಲಿಗೆ. ಪರಿಚಯ ಇಲ್ಲದವರ ಮನೇಲಿ ಮಲಗ್ತೀಯ, ಅವರು ಇಕ್ಕಿದ ಹುರುಳಿಕಾಯಿ ತಿಂತೀಯ. ನಿನಗೂ ಡಾಕ್ಟ್ರಿಗೂ ಮಧ್ಯೆ ಇನ್ಯಾರೂ ಇರಲ್ಲ. ಕಷ್ಟ."

"ಮಂಚದ ಕೋಣೆ ತೋರಿಸ್ತೀರಾ?"

ನಾರ್ಕ್ರಾಸ್ ಕನ್ನಡಕದ ಮೇಲಿಂದ ನೋಡಿದರು. "ಪಾಠ ಎಲ್ಲಾ ಮುಗಿದಿದೆ ಈಗ."

"ಅದಕ್ಕೇ ಕೇಳಿದ್ದು."

ಸಂಜೆ ಇಳಿಯುತ್ತಿತ್ತು. ಅಂಗಳದ ಮಂಜಿನಲ್ಲಿ ಅವಳು ಕಿಟಕಿಗಳನ್ನೇ ನೋಡುತ್ತ ನಡೆದಳು. ಮುಂದಿನ ಕಟ್ಟಡ ಕತ್ತಲು. ಅದರ ಪಕ್ಕದ್ದೂ ಕತ್ತಲು. ಮೂಲೆ ತಿರುಗಿದರೆ, ತಗ್ಗಿನಲ್ಲಿ ಒಂದು ಉದ್ದನೆಯ ಕೋಣೆ, ಕಿಟಕಿಗಳೆಲ್ಲ ಹಳದಿ ಬೆಳಕು. ಒಳಗಿನಿಂದ ನಗು ಕೇಳುತ್ತಿತ್ತು. ಮಂಚಗಳ ಸುತ್ತ ಹುಡುಗ ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಹೌದು, ಅಲ್ಲ, ಇಲ್ಲೇ ಕಣೋ, ಎಂದು ವಾದಿಸುತ್ತಿದ್ದರು. ಡೀಕನ್ ಎಂಬ ಉದ್ದನೆಯ ವಿದ್ಯಾರ್ಥಿ ಮಂಚದ ಮೇಲೆ ಅಂಗಾತ ಬಿದ್ದಿದ್ದ.

"ಮೇಡಂ, ಬೆಳಿಗ್ಗೆಯಿಂದ ತಲೆನೋವು. ಇವರಿಬ್ರೂ ಸೇರಿ ಹೆಚ್ಚು ಮಾಡಿಟ್ಟಿದಾರೆ," ಎಂದ.

ನಾರ್ಕ್ರಾಸ್ ರೊವೀನಾಗೆ ಕುರ್ಚಿ ತೋರಿಸಿದರು. ಅವಳು ಮಂಚದ ತಲೆಯ ಕಡೆ ಕುಳಿತು ಕಪ್ಪು ಅಂಗೈಗಳನ್ನು ಮುಂದೆ ಚಾಚಿದಳು.

"ಏ, ಇದು ನನ್ನ ಕೂದಲಿಗೆ ಹತ್ತಲ್ಲ ತಾನೆ?" ಡೀಕನ್ ಕಣ್ಣರಳಿಸಿದ.

"ಅಕ್ರೋಟದ್ದು. ಒಣಗಿದೆ, ಹತ್ತಲ್ಲ."

"ಹತ್ತಿದ್ರೂ ಒಳ್ಳೇದೇ ಕಣೋ," ಎಂದಳು ಪಕ್ಕದ ಹುಡುಗಿ, "ನಿನ್ನ ಬಿಳಿಗೂದ್ಲು ಮುಚ್ತದೆ."

ನಗು ಇಳಿಯಿತು. ರೊವೀನಾ ಕಣ್ಣು ಮುಚ್ಚಿದಳು. ಹುಡುಕಲಿಲ್ಲ, ಕಾದಳು. ಮೊದಲು ಬರೀ ತಲೆಯ ಭಾರ. ಆಮೇಲೆ ಬೆಚ್ಚಗೆ. ಆಮೇಲೆ ತುಂಬ ಆಳದಲ್ಲಿ ಏನೋ ಏರಿ, ನಿಂತು, ಇಳಿಯಿತು. ಹುಲ್ಲಿನಟ್ಟದಿಂದ ಬಿದ್ದ ದಿನದ ನೀರಿನ ಸದ್ದು ಮೆಲ್ಲಗೆ ಹತ್ತಿರವಾಯಿತು. ಕೋಣೆ, ಮಾರ್ಕು, ಗಾಜಿನ ಗೋಡೆ, ಎಲ್ಲ ದಡದ ಮರಗಳಂತೆ ಹಿಂದಕ್ಕೆ ಸರಿದವು. ಕನಸಿನ ಮಂಜಿನಡಿ ಈ ಸಲ ಯಾರೋ ಇದ್ದರು.

"ಏನು ಸಿಕ್ತು?" ನಾರ್ಕ್ರಾಸರ ದನಿ ಎಲ್ಲೋ ದೂರದಿಂದ ಬಂದಂತಿತ್ತು.

"ಇನ್ನೂ ಗೊತ್ತಾಗ್ತಿಲ್ಲ ಮೇಡಂ. ಆದ್ರೆ ಬಿಡೋಕೆ ಮನಸ್ಸು ಬರ್ತಿಲ್ಲ."

"ಆಗ್ಲೇ ಇಲ್ಲಿಗೆ ಯಾಕೆ ಬಂದೆ ಅಂತ ಕೇಳಿದ್ನಲ್ಲ," ಎಂದರು ಆಕೆ, "ಈಗ ಹೇಳಿದೆ ನೋಡು."

ಡೀಕನ್ ಆಗಲೇ ನಿದ್ದೆ ಹೋಗಿದ್ದ.

ಸುಗ್ಗಿ ಮುಗಿಯಲು ಬಂದಾಗ ಗುಡ್ಡದ ಕಾಲೇಜಿನಿಂದ ಕರೆ ಬಂತು, ಸೀಟು ಕೊಟ್ಟಿದ್ದೇವೆಂದು. ಅದೇ ವಾರ ಕಡಲ ಕಾಲೇಜಿನಿಂದಲೂ ಸಂದರ್ಶನಕ್ಕೆ ಬಾ ಎಂದು ತಿಳಿಸಿದರು. ಮಾರ್ಗದರ್ಶಿ ಮೇಡಂ ಫೋನಿನಲ್ಲಿ ಕೂಗಾಡಿದರು: ದುಡುಕಬೇಡ, ಹೋಗಿ ನೋಡು, ಅವರ ಹೆಸರೇನು, ಇವರ ಹೆಸರೇನು! ರೊವೀನಾ ಮೂರು ದಿನ ಯಂತ್ರಕ್ಕೆ ಕಾಯಿ ಸುರಿಯುತ್ತಲೇ ಇದ್ದಳು. ಸಮುದ್ರ ಹೇಗಿರುತ್ತದೋ ಎಂದು ಯೋಚಿಸಿದಳು. ಆ ಯೋಚನೆಯಲ್ಲೇ ಅಂಗೈಯಡಿ ಏರಿ ಇಳಿದ ಆ ಅಲೆ ನೆನಪಾಗುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಕಡಲಿನವರಿಗೆ ಬರುವುದಿಲ್ಲವೆಂದು ತಿಳಿಸಿ, ಗುಡ್ಡದವರಿಗೆ ಬರುತ್ತೇನೆಂದು ಹೇಳಿ, ಅಂಗಳಕ್ಕೆ ನಡೆದಳು.

ಯಂತ್ರ ಗಡಗಡಿಸುತ್ತಿತ್ತು. ಗಾಡಿಗಳ ಸಾಲು ರಸ್ತೆಯ ತನಕ ನಿಂತಿತ್ತು. ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದಳು. ಓರ್ವಲ್ ಮಗಳ ಮುಖ ನೋಡಿದ, ಕೈ ನೋಡಿದ. ಸುಗ್ಗಿಯಲ್ಲಿ ಗಾಡಿಗಳು ಕಾದಿರುವಾಗ ಅವನು ಎಂದೂ ಮಾಡದ ಕೆಲಸ ಮಾಡಿದ. ಗುಂಡಿ ಒತ್ತಿ ಯಂತ್ರ ನಿಲ್ಲಿಸಿಬಿಟ್ಟ.

"ಏನಾಯ್ತೋ ಓರ್ವಲ್? ಕೆಟ್ಟೋಯ್ತಾ?" ಹಿಂದಿನ ಗಾಡಿಯಿಂದ ಯಾರೋ ಕೂಗಿದರು.

"ಕೆಟ್ಟಿಲ್ಲ. ಸ್ವಲ್ಪ ತಡ್ಕೊಳ್ಳಿ." ಆಮೇಲೆ ಮಗಳ ಕಡೆ ತಿರುಗಿ, "ಅಡ್ಡಿಯಿಲ್ಲ," ಎಂದ.

ಅವಳು ಅವನ ನೋಯುವ ಭುಜದ ಮೇಲೆ ಕೈಯಿಟ್ಟಳು. ಸದ್ದಡಗಿದ ಅಂಗಳದಲ್ಲಿ ಗಾಡಿಗಳು, ಜನ, ಮರಗಳು, ಎಲ್ಲವೂ ಕಾಯುತ್ತ ನಿಂತವು. ತಗಡಿನ ಮಾಡಿನ ಮೇಲೆ ಒಂದು ಕಾಯಿ ಬಿತ್ತು. ಅಂಗೈಯ ಕೆಳಗೆ ಅಪ್ಪನ ಉಸಿರು ಏರಿ, ನಿಂತು, ಇಳಿಯಿತು.