ಅರ್ಧ ಗಂಟೆಯ ಬಾಲ

ಬ್ರೋಕನ್ ಹಿಲ್‌ನಲ್ಲಿ ಲೋರ್ನಾ ಟ್ರೆಲೋರ್‌ಳನ್ನು ಕಂಡರೆ ಆಗದವರು ಬಹಳ ಮಂದಿ. ಅದು ಅವಳಿಗೂ ಗೊತ್ತಿತ್ತು, ಅದರಿಂದ ಅವಳ ನಿದ್ದೆಯೇನೂ ಕೆಟ್ಟಿರಲಿಲ್ಲ. ಗಣಿಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ದಾಖಲೆ ನೋಡಿಕೊಳ್ಳುವವಳು. ನೆಲದಡಿಯ ಪಂಪುಗಳು, ಫ್ಯಾನುಗಳು, ಗೇಟುಗಳು ತಾವಾಗಿಯೇ ಬರೆದಿಡುವ ಸಾಲುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಯಾವುದು ಎಷ್ಟು ಹೊತ್ತಿಗೆ ನಡೆಯಿತು ಎಂದು ಒಂದೇ ಪಟ್ಟಿ ಮಾಡಿಕೊಡುವುದು ಅವಳ ಕೆಲಸ. ಯಾರಾದರೂ ತಕರಾರು ತೆಗೆದರೆ, "ಕಂಪ್ಯೂಟರ್‌ಗೆ ನಿನ್ ಮೇಲೆ ದ್ವೇಷ ಇಲ್ಲಪ್ಪ, ಇರೋದು ನಂಗೆ" ಎನ್ನುತ್ತಿದ್ದಳು.

ಸ್ವಂತ ತಮ್ಮನಿಗೂ ಅದೇ ಮಾತು. ನೆವಿಲ್ ಗಣಿಯ ತಳದ ಪಂಪು ಕಾಯುತ್ತಿದ್ದ. ಎರಡು ವರ್ಷದ ಹಿಂದೆ ಪಂಪಿನ ಅಲಾರಾಂ ಹೊಡೆದಾಗ ಅವನು ಉತ್ತರ ಕೊಟ್ಟದ್ದು ಮೂವತ್ತೆರಡು ನಿಮಿಷ ತಡವಾಗಿ ಎಂದು ಅಕ್ಕನ ಪಟ್ಟಿ ಹೇಳಿತು. ಕೆಲಸ ಹೋಯಿತು. ತಕ್ಷಣ ಉತ್ತರ ಕೊಟ್ಟೆ ಎಂದು ಅವಳ ಅಡುಗೆಮನೆಯಲ್ಲಿ ನಿಂತು ಕೂಗಾಡಿದ. "ಮಲ್ಗಿದ್ದೆ ಅಂತ ಒಪ್ಕೋ, ಮಾನ ಆದ್ರೂ ಉಳಿಯುತ್ತೆ" ಎಂದಳು ಅಕ್ಕ. ಅವನು ಹೆಂಡತಿಯನ್ನು ಕರೆದುಕೊಂಡು ಅಡಿಲೇಡ್‌ಗೆ ಹೊರಟುಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆಗ ನೆವಿಲ್‌ನ ಪರ ನಿಂತವನು ಅವನ ಜೊತೆಗಾರ ಮರ್ವಿನ್ ಹಾರ್ಕಿ ಒಬ್ಬನೇ. ಕ್ಯಾಂಟೀನಿನಲ್ಲಿ ಎಲ್ಲರೆದುರು ಲೋರ್ನಾಳ ಪಟ್ಟಿಯನ್ನು ಸುಳ್ಳಿನ ಕಂತೆ ಎಂದುಬಿಟ್ಟಿದ್ದ. ಅವಳು ಅದನ್ನು ಎದೆಯಲ್ಲಿಟ್ಟುಕೊಂಡು ಕಾದಿದ್ದಳು. ಈ ಜುಲೈನಲ್ಲಿ ಮರ್ವಿನ್‌ನ ಹೆಸರೇ ಪಟ್ಟಿಯಲ್ಲಿ ಬಂತು: ಅಲಾರಾಂ ಹತ್ತೂ ಎಂಟಕ್ಕೆ, ಉತ್ತರ ಹತ್ತೂ ನಲವತ್ತೊಂದಕ್ಕೆ. ಲೋರ್ನಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುದಿನ ಮಧ್ಯಾಹ್ನ ಎರಡಕ್ಕೆ ವಿಚಾರಣೆ, ನಡೆಸುವವನು ಸಿಡ್ನಿಯಿಂದ ಬಂದ ಮ್ಯಾನೇಜರ್ ಪ್ರಾಟ್.

ವಿಚಾರಣೆಯ ದಿನ ಬೆಳಿಗ್ಗೆಯೇ ಮರ್ವಿನ್ ಬೂಟಿನ ಕೆಸರು ಸಮೇತ ಅವಳ ಕೋಣೆಗೆ ನುಗ್ಗಿದ.

"ಹತ್ತೂ ನಲವತ್ತೊಂದಕ್ಕೆ ನಾನು ಟೀಗೆ ಕೂತಿದ್ದೆ ಕಣೇ. ಆರು ಜನ ಇದ್ರು. ಕೈಯಲ್ಲಿ ಇದ್ದಿದ್ದು ತಿನ್ನೋ ಪಾಸ್ಟಿ, ರೇಡಿಯೋ ಅಲ್ಲ. ಅಷ್ಟೊತ್ತಿಗೆ ಪಂಪು ರಿಪೇರಿ ಆಗಿ ಓಡ್ತಾ ಇತ್ತು!"

"ಆ ಆರು ಜನಾನೂ ನಿನ್ ಥರದವ್ರೇ ಬಿಡು."

"ಹೌದು. ಒಡಹುಟ್ಟಿದವ್ರನ್ನ ಬೀದಿಗ್ ತಳ್ಳೋ ಥರದವ್ರಲ್ಲ."

"ಆಚೆ ನಡಿ."

ಅವನು ಬಾಗಿಲು ದಢಾರೆಂದು ಹಾಕಿಕೊಂಡು ಹೋದ. ಲೋರ್ನಾಳ ಮೈಯೆಲ್ಲ ಉರಿಯಿತು. ಪಟ್ಟಿಯಲ್ಲ, ಅದರ ಹಿಂದಿನ ಮೂಲ ಸಾಲುಗಳನ್ನೇ ಅಚ್ಚು ಹಾಕಿ ಅವನ ಮುಖದ ಮೇಲೆ ಎಸೆಯಬೇಕು ಎಂದು ಕುಳಿತಳು.

ಪಂಪು ಕಾಯುವವರು ಸಾಮಾನ್ಯವಾಗಿ ಗೋಡೆಯ ಗುಂಡಿ ಒತ್ತಿ ಉತ್ತರ ಕೊಡುತ್ತಾರೆ. ಆ ದಿನ ಅಲಾರಾಂ ಹೊಡೆದಾಗ ಮರ್ವಿನ್ ಕುರ್ಚಿ ಬಿಟ್ಟು ಪಂಪಿನ ಹತ್ತಿರ ಹೋಗಿದ್ದ, ಅಲ್ಲಿಂದ ರೇಡಿಯೋದಲ್ಲಿ ಉತ್ತರ ಕೊಟ್ಟಿದ್ದ. ಪ್ರತಿ ಮೂಲ ಸಾಲಿನಲ್ಲೂ ಸಮಯದ ಹಿಂದೆ ಒಂದು ಪುಟ್ಟ ಬಾಲ, ಅದು ಯಾವ ಊರಿನ ಗಡಿಯಾರ ಎಂದು ಹೇಳುವ ಗುರುತು. ಐದು ವರ್ಷದ ಹಿಂದೆ ಪಟ್ಟಿ ಅಚ್ಚುಕಟ್ಟಾಗಿರಲಿ ಎಂದು ಆ ಬಾಲವನ್ನು ಕತ್ತರಿಸಿಹಾಕುವ ನಿಯಮ ಬರೆದವಳು ಇವಳೇ. ಅಲಾರಾಂ ಸಾಲಿನ ಬಾಲ ಈ ಊರಿನದು. ರೇಡಿಯೋ ಸಾಲಿನ ಬಾಲ ಸಿಡ್ನಿಯದು, ಏಕೆಂದರೆ ರೇಡಿಯೋ ಮಾತು ದಾಖಲಾಗುವುದು ಸಿಡ್ನಿಯ ಕಂಪ್ಯೂಟರಿನಲ್ಲಿ.

ಬ್ರೋಕನ್ ಹಿಲ್‌ನ ರಾಜ್ಯ ಸಿಡ್ನಿಯದು, ಗಡಿಯಾರ ಮಾತ್ರ ಅಡಿಲೇಡ್‌ನದು, ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಸಿಡ್ನಿಯಿಂದ ಯಾರು ಯಾವ ಹೊತ್ತು ಹೇಳಿದರೂ ಈ ಊರಿನ ಮಕ್ಕಳು ಕೂಡ ಮನಸ್ಸಿನಲ್ಲೇ ಅರ್ಧ ಗಂಟೆ ಕಳೆದು ಲೆಕ್ಕ ಹಾಕಿಕೊಳ್ಳುತ್ತಾರೆ. ಐವತ್ತಾರು ವರ್ಷದಲ್ಲಿ ಲೋರ್ನಾ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಬೇಕಾಗಿ ಬಂದಿರಲಿಲ್ಲ. ಕಂಪ್ಯೂಟರಿಗೂ ಹೇಳಿರಲಿಲ್ಲ.

ಈಗ ಅರ್ಧ ಗಂಟೆ ಕಳೆದಳು. ಹತ್ತೂ ಹನ್ನೊಂದು. ಮೂರೇ ನಿಮಿಷ.

ಮರ್ವಿನ್ ಮೇಲಿನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಹಾಳಾದವನು ಸರಿ ಇದ್ದನಲ್ಲ! ಸುಮ್ಮನಿದ್ದುಬಿಡಬಹುದಿತ್ತು. ಆ ಬಾಲವನ್ನು ಅವಳನ್ನು ಬಿಟ್ಟು ನೋಡುವವರೇ ಇರಲಿಲ್ಲ. ಎರಡು ವರ್ಷದ ಹಿಂದಿನ ಇನ್ನೊಂದು ಕಡತವೂ ಇತ್ತು. ಅದರ ಹೆಸರಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕುಳಿತಳು. ಕೊನೆಗೆ ತೆರೆದಳು.

ಎರಡು ಗಂಟೆಗೆ ವಿಚಾರಣೆಯಲ್ಲಿ ಎದ್ದುನಿಂತು ಬಾಲದ ವಿಷಯ ಹೇಳಿದಳು. ಪ್ರಾಟ್ ಗಂಟಲು ಸರಿಮಾಡಿಕೊಂಡ. "ತಾಂತ್ರಿಕ ದೋಷ ಅಂತ ಬರ್ಕೊಳ್ಳೋಣ, ಲೋರ್ನಾ. ನಿಮ್ ಹೆಸರು ಯಾಕೆ?"

"ದೋಷ ತಾನಾಗೇ ಬಂತಾ? ನಾನ್ ಮಾಡಿದ್ದು. ಹಂಗೇ ಬರೀರಿ."

ಮರ್ವಿನ್ ಥ್ಯಾಂಕ್ಸ್ ಹೇಳಲಿಲ್ಲ. ಟೋಪಿ ಕೈಗೆತ್ತಿಕೊಂಡು ಕೇಳಿದ: "ನೆವಿಲ್ದು ಗುಂಡೀನಾ, ರೇಡಿಯೋನಾ?"



"ರೇಡಿಯೋ" ಎಂದಳು ಲೋರ್ನಾ. "ಎರಡ್ ನಿಮಿಷ. ಅದನ್ನೂ ಬರ್ಕೊಳ್ಳಿ."

"ಇವ್ರಿಗ್ ಹೇಳಿ ಏನ್ ಉಪಯೋಗ? ನಿನ್ ಮುಖ ನೋಡೋಕೂ ಅಸಹ್ಯ ಆಗುತ್ತೆ ನಂಗೆ" ಎಂದು ಮರ್ವಿನ್ ಹೊರಟುಹೋದ.  

ತನ್ನ ಕೋಣೆಗೆ ಬಂದು ಅಡಿಲೇಡ್‌ಗೆ ಫೋನ್ ಹಚ್ಚಿದಳು. ಅಲ್ಲೂ ಇದೇ ಗಂಟೆ, ಕೂಡಿ ಕಳೆಯುವ ಗೋಜಿಲ್ಲ.

"ಯಾರು?"

"ನಾನ್ ಕಣೋ, ಲೋರ್ನಾ. ನಿಂದು... ಎರಡೇ ನಿಮಿಷ ಆಗಿದ್ದು. ತಪ್ಪು ನಂದು. ಇವತ್ ಗೊತ್ತಾಯ್ತು."

ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ನಂಗೆ ಆವತ್ತೇ ಗೊತ್ತಿತ್ತಲ್ಲೇ" ಎಂದು ನೆವಿಲ್ ಫೋನ್ ಇಟ್ಟ.