ಹಬ್ಬಕ್ಕೆ ತೊಳೆದ ಸ್ಲಿಂಗುಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಯಶವಂತಪುರದ ನಮ್ಮ ಗೋಡೌನಿನಲ್ಲಿ ಇದು ಎಲ್ಲರಿಗೂ ಗೊತ್ತು. ಎತ್ತರದ ಕಟ್ಟಡಗಳ ಗಾಜು ಒರೆಸುವ, ಹೊರಗೋಡೆಗೆ ಬಣ್ಣ ಹೊಡೆಯುವ ಸಣ್ಣ ಕಂಪನಿ ನಮ್ಮದು. ಅಲ್ಲಿ ಸ್ಟೋರ್ ನೋಡಿಕೊಳ್ಳುವವಳು ನಾನು. ಬೆಳಿಗ್ಗೆ ವಿದ್ಯಾರಣ್ಯಪುರದಿಂದ ಬಸ್ಸು ಹಿಡಿದು ಬಂದು ಬೀಗ ತೆಗೆಯುತ್ತೇನೆ. ಕೆಲಸಕ್ಕೆ ಹೊರಡುವವರಿಗೆ ಹಗ್ಗ, ಬೆಲ್ಟು, ಹುಕ್ಕು, ಸ್ಲಿಂಗು ಕೊಡುತ್ತೇನೆ, ಸಂಜೆ ವಾಪಸ್ಸು ತೆಗೆದುಕೊಳ್ಳುತ್ತೇನೆ. ಒಂದು ಹುಕ್ಕು ಕಡಿಮೆ ಬಂದರೂ ಆವತ್ತು ಯಾರೂ ನನ್ನ ಬಾಯಿಗೆ ಸಿಕ್ಕಬಾರದು.

ಸ್ಲಿಂಗ್ ಅಂದರೆ ಒಂದು ಬಟ್ಟೆಯ ಪಟ್ಟಿ. ಸ್ಕೂಲ್ ಬ್ಯಾಗಿನ ಪಟ್ಟಿಯ ಹಾಗೇ ಕಾಣುತ್ತದೆ, ಆದರೆ ದಪ್ಪ, ಹೊಲಿಗೆಯೂ ಒತ್ತಾಗಿರುತ್ತದೆ. ಟೆರೇಸಿನ ಮೇಲೆ ಗಟ್ಟಿಯಾದ ಕಾಂಕ್ರೀಟ್ ಕಂಬವೊಂದನ್ನು ನೋಡಿ ಅದಕ್ಕೆ ಈ ಸ್ಲಿಂಗನ್ನು ಸುತ್ತುತ್ತಾರೆ. ಅದರ ಎರಡು ತುದಿಗಳನ್ನು ಕಬ್ಬಿಣದ ಕೊಂಡಿಗೆ ಸೇರಿಸಿ, ಕೊಂಡಿಗೆ ಹಗ್ಗ ಕಟ್ಟುತ್ತಾರೆ. ಮನುಷ್ಯ ಇಳಿಯುವುದು ಆ ಹಗ್ಗದಲ್ಲಿ. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಹಗ್ಗ, ಅದಕ್ಕೆ ಬೇರೆಯದೇ ಸ್ಲಿಂಗು. ಅಂತೂ ಆ ಎರಡು ಪಟ್ಟಿಗಳು ಹಿಡಿದಿದ್ದರೆ ಮನುಷ್ಯ ಸಂಜೆ ಮನೆಗೆ ಹೋಗುತ್ತಾನೆ.

ನಮ್ಮ ಮೇಸ್ತ್ರಿ ಹೆಬ್ಬಾಳದ ಹಳೇ ಊರಿನವರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಅಕ್ಕ ಎನ್ನುತ್ತಾರೆ. ಅವರ ಅಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ದೊಡ್ಡ ಆಫೀಸು ಎದ್ದಿದೆ. ಅದರ ಗಾಜನ್ನು ಇವರೇ ಎರಡು ಸಲ ಒರೆಸಿ ಬಂದಿದ್ದಾರೆ. "ನಮ್ ಕೊತ್ತಂಬ್ರಿ ಮಡಿ ಮ್ಯಾಲೇ ನೇತಾಡ್ತಿದ್ದೆ ಕಣಕ್ಕ" ಎಂದು ನಗುತ್ತಾರೆ. ಆ ನಗುವಿನಲ್ಲಿ ಬೇಸರ ಎಷ್ಟಿದೆಯೋ, ನಾನು ಕೇಳಲು ಹೋಗಿಲ್ಲ.

ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ನಾನು ಕೊಟ್ಟ ಸ್ಲಿಂಗನ್ನು ನನ್ನ ಮೇಜಿನ ಮುಂದೆಯೇ ಬೆಳಕಿಗೆ ಹಿಡಿದು, ಹೊಲಿಗೆ ಎಳೆದು ನೋಡತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ, ನಾನೇನು ಕುರುಡೀನಾ? ನೋಡೇ ಕೊಟ್ಟಿರೋದು. ನಂಬಿಕೆ ಇಲ್ಲ ಅಂದ್ರೆ ಸ್ಟೋರ್ ಬೀಗದ ಕೈ ನೀವೇ ಇಟ್ಕೊಳ್ಳಿ" ಎಂದು ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದೆ. ಅವರು ಸ್ಲಿಂಗು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಮಾರನೆಯ ದಿನದಿಂದ ಅವರದು ಒಂದೇ ಮಾತು: "ಅಕ್ಕ ಕೊಟ್ಟಿದ್ದು, ನೋಡೋದೇನೈತೆ?"

ಆ ಮಾತು ಕೇಳಿದರೆ ನನಗೆ ಹಬ್ಬದೂಟ ಉಂಡಷ್ಟು ಸಂತೋಷ. ವರ್ಷಗಟ್ಟಲೆ ಕೇಳಿದೆ. ಹೊಸದಾಗಿ ಬಂದವರೆಲ್ಲ ಅದನ್ನೇ ಕಲಿತರು. ನನ್ನ ಕೈಯಿಂದ ತೆಗೆದುಕೊಂಡಿದ್ದನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ.

ಇನ್ನು ಆಯುಧಪೂಜೆಯ ವಿಷಯ. ನಮ್ಮವ್ವ ಯಲಹಂಕದ ಆಚೆ ಹಳ್ಳಿಯಲ್ಲಿ ಗೇದವಳು. ಹಬ್ಬದ ಹಿಂದಿನ ದಿನ ಕುಡುಗೋಲು, ಗುದ್ದಲಿ, ನೇಗಿಲಿನ ಗುಳ ಎಲ್ಲವನ್ನೂ ಉಜ್ಜಿ ತೊಳೆದು ಎಣ್ಣೆ ಸವರಿ ಸಾಲಾಗಿ ಇಡುತ್ತಿದ್ದಳು. "ಅನ್ನ ಕೊಡೋದನ್ನ ಕೊಳಕಾಗಿ ಇಟ್ರೆ ಅದು ಮುನಿಸ್ಕೊಳ್ತದೆ" ಎನ್ನುತ್ತಿದ್ದಳು. ನನ್ನ ರಕ್ತದಲ್ಲೂ ಅದೇ ಇದೆ. ಆ ವರ್ಷ ಹಬ್ಬ ತಿಂಗಳ ತುದಿಗೆ ಬಂದಿತ್ತು. ರ‍್ಯಾಕಿನಲ್ಲಿದ್ದ ಸ್ಲಿಂಗುಗಳ ಮೇಲೆಲ್ಲ ಪೇಂಟಿನ ಹನಿ, ಧೂಳು, ಪಾರಿವಾಳದ ಗಲೀಜು. ಸೋಪಿನ ನೀರಿಗೆ ಪೇಂಟು ಹೋಗಲಿಲ್ಲ. ಬಣ್ಣದ ಕೋಣೆಯಲ್ಲಿ ಪೇಂಟು ಕರಗಿಸುವ ತಿನ್ನರ್ ಡಬ್ಬ ಇತ್ತು. ಬಟ್ಟೆ ಅದ್ದಿ ಒಂದೊಂದನ್ನೂ ತಿಕ್ಕಿದೆ. ಹೊಲಿಗೆಯ ಸಂದಿಗೂ ಹಳೇ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕಿದೆ. ಆಮೇಲೆ ಗೋಡೌನಿನ ಶೀಟಿನ ಮೇಲೆ ಸುಡು ಬಿಸಿಲಿಗೆ ಹರವಿದೆ. ಸಂಜೆಗೆ ಹೊಚ್ಚಹೊಸದರಂತೆ ಆದವು, ನನ್ನ ದೃಷ್ಟಿಯೇ ತಾಗುವಂತಿತ್ತು.

ಪೂಜೆ ಚೆನ್ನಾಗಿ ಆಯಿತು. ಸ್ಲಿಂಗುಗಳಿಗೆ ಅರಿಶಿನ ಕುಂಕುಮ ಇಟ್ಟೆವು, ಚೆಂಡುಹೂ ಸುತ್ತಿದೆವು, ವ್ಯಾನಿನ ಮುಂದೆ ಬೂದುಗುಂಬಳ ಒಡೆದೆವು. ಎಲ್ಲರಿಗೂ ಪುರಿ, ಕಡಲೆ, ಸ್ವೀಟು ಹಂಚಿದೆ. ಮೇಸ್ತ್ರಿ ರ‍್ಯಾಕ್ ನೋಡಿ, "ಏನಕ್ಕ, ಮದುವಣಗಿತ್ತಿ ಮಾಡ್ಬಿಟ್ಟಿದೀರ" ಎಂದರು. ನಾನು ಬೀಗಿದೆ.

ವಿಜಯದಶಮಿಯ ರಜೆ ಕಳೆದು ಮೊದಲ ದಿನ ಗಂಗಾನಗರದ ಒಂದು ಅಪಾರ್ಟ್‌ಮೆಂಟಿಗೆ ಹೊರಗೋಡೆಯ ಬಣ್ಣದ ಕೆಲಸ. ಮೇಸ್ತ್ರಿ ಮತ್ತು ಇನ್ನೊಬ್ಬ ಕೆಲಸಗಾರ ಹೊರಟರು. ಆತ ನಾಗಸಂದ್ರದವನು, ನಮ್ಮಲ್ಲಿ ಸೇರಿ ಎರಡು ವರ್ಷವಾಗಿತ್ತು, ಮನೆಯಲ್ಲಿ ಹೆಂಡತಿ, ತೊಟ್ಟಿಲ ಮಗು. ಹೂ ಬಿಚ್ಚಿ ನಾಲ್ಕು ಸ್ಲಿಂಗು ಕೊಟ್ಟೆ. ಎರಡೆರಡನ್ನು ತಮ್ಮ ತಮ್ಮ ಚೀಲಕ್ಕೆ ತುಂಬಿಕೊಂಡು ಹೋದರು.

ಅವರು ಹೋಗಿ ಒಂದು ಗಂಟೆಯಾಗಿರಬೇಕು. ಹೊಸ ತಿಂಗಳು ಬಂದಿದೆಯಲ್ಲ ಎಂದು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಲು ಹೋದೆ. ಮೊಳೆ ಕಿತ್ತು ಕ್ಯಾಲೆಂಡರ್ ಕೆಳಗೆ ಬಿತ್ತು. ಅದರ ಹಿಂದೆ, ಗೋಡೆಗೆ ಅಂಟಿಸಿದ ಒಂದು ಕಾಗದ ಇತ್ತು. ಹಿಂದಿನ ವರ್ಷ ಸೇಫ್ಟಿ ಕ್ಲಾಸು ಮಾಡಲು ಬಂದಿದ್ದ ಹುಡುಗಿ ಅಂಟಿಸಿ ಹೋಗಿದ್ದು. ಅವಳು ಪಾಠ ಮಾಡುತ್ತಿದ್ದಾಗ ನಾನು, ನಿನ್ನೆ ಮೊನ್ನೆ ಹುಟ್ಟಿದವಳು ನನಗೇನು ಹೇಳಿಕೊಡುವುದು ಎಂದು ಟೀ ಸೋಸುತ್ತಾ ನಿಂತಿದ್ದೆ. ಮೊಳೆ ಅಲ್ಲಿಯೇ ಇದ್ದುದರಿಂದ ಕ್ಯಾಲೆಂಡರನ್ನು ಅದರ ಮೇಲೇ ನೇತುಹಾಕಿದ್ದೆ.

ಕಾಗದದಲ್ಲಿ ದಪ್ಪಕ್ಷರದಲ್ಲಿತ್ತು. ಸ್ಲಿಂಗನ್ನು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಿಂದ ಮಾತ್ರ ತೊಳೆಯಿರಿ. ನೆರಳಲ್ಲಿ ಒಣಗಿಸಿ. ತಿನ್ನರ್, ಸೀಮೆಎಣ್ಣೆ, ಆಸಿಡ್, ಬಣ್ಣ ಸೋಕಿದರೆ ಒಳಗಿನ ನೂಲು ಸತ್ವ ಕಳೆದುಕೊಳ್ಳಬಹುದು, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಬಳಸಬೇಡಿ. ಲೇಬಲ್ ಓದಲಾಗದಿದ್ದರೂ ಬಳಸಬೇಡಿ.

ರ‍್ಯಾಕಿನಲ್ಲಿ ಉಳಿದಿದ್ದ ಒಂದು ಸ್ಲಿಂಗನ್ನು ಎತ್ತಿ ನೋಡಿದೆ. ಲೇಬಲ್ಲಿನಲ್ಲಿ ಒಂದಕ್ಷರವೂ ಇರಲಿಲ್ಲ. ನಾನೇ ತಿಕ್ಕಿ ತೆಗೆದಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಒಂದು ಹಗ್ಗ ಹೋದರೆ ಇನ್ನೊಂದಿದೆ ಎಂದು ಸಮಾಧಾನ ಮಾಡಿಕೊಳ್ಳಲೂ ಆಗಲಿಲ್ಲ, ಎರಡರ ಸ್ಲಿಂಗನ್ನೂ ತೊಳೆದವಳು ನಾನೇ ತಾನೇ?

ಮೇಸ್ತ್ರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮೇಲೆ ಹತ್ತುವಾಗ ಫೋನನ್ನು ಸೈಲೆಂಟ್ ಮಾಡಿ ಚೀಲದಲ್ಲಿಡಬೇಕು ಎಂಬುದು ನಾನೇ ಗಂಟಲು ಹರಿದುಕೊಂಡು ಜಾರಿಗೆ ತಂದ ನಿಯಮ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ನಂಬರು ನನ್ನ ಹತ್ತಿರ ಇರಲಿಲ್ಲ. ಬೀಗ ಹಾಕದೆಯೇ ಓಡಿಬಂದು ಆಟೊ ಹತ್ತಿದೆ.

ಮೇಖ್ರಿ ಸರ್ಕಲ್ಲಿನ ಹತ್ತಿರ ಗಾಡಿಗಳು ನಿಂತಲ್ಲೇ ನಿಂತಿದ್ದವು. "ಮೇಡಂ, ಹಾರ್ಕೊಂಡ್ ಹೋಗಕ್ಕಾಗಲ್ಲ" ಎಂದ ಆಟೊದವನು. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಕೊಡುತ್ತಿದ್ದೆ. ಆವತ್ತು ಅವನ ಕಡೆ ತಿರುಗಿಯೂ ನೋಡಲಿಲ್ಲ. ಫೋನು ಮಾಡುತ್ತಲೇ ಇದ್ದೆ, ಮನಸ್ಸಿನಲ್ಲಿ ಒಂದೇ ಮಾತು ಕೊರೆಯುತ್ತಿತ್ತು: ಅಕ್ಕ ಕೊಟ್ಟಿದ್ದು, ನೋಡೋದೇನೈತೆ. ನಮ್ಮವ್ವನನ್ನು ಕರೆದೆ, ಮನೆದೇವರನ್ನು ಕರೆದೆ. ಒಂದೇ ಒಂದು ಸಲ ಅವರು ನನ್ನ ಮಾತು ಮೀರಿ ನೋಡಿರಲಪ್ಪಾ ಎಂದು ಬೇಡಿಕೊಂಡೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇಳಿದವಳೇ ಕತ್ತೆತ್ತಿ ನೋಡಿದೆ. ಗೋಡೆಯ ಮೇಲೆ ಹಗ್ಗವಿರಲಿಲ್ಲ, ಮನುಷ್ಯರೂ ಇರಲಿಲ್ಲ. ಆಮೇಲೆ ನೆಲ ನೋಡಿದೆ. ಅಲ್ಲೂ ಏನೂ ಇರಲಿಲ್ಲ.

ಲಿಫ್ಟಿನಲ್ಲಿ ಮೇಲೆ ಹೋಗಿ ಟೆರೇಸಿನ ಬಾಗಿಲು ತಳ್ಳಿದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ಇಬ್ಬರೂ ಕುಳಿತಿದ್ದರು. ನಾಲ್ಕೂ ಸ್ಲಿಂಗುಗಳು ಒಂದು ಕಡೆ ಬಿದ್ದಿದ್ದವು. ಹೋದ ಜೀವ ಬಂದ ಹಾಗಾಯಿತು. ಜೀವ ಬಂದದ್ದೇ ನನ್ನ ಕೋಪವೂ ಬಂತು.

"ಫೋನ್ ಎತ್ತಕ್ಕೇನ್ರೀ ಧಾಡಿ ನಿಮಗೆ?" ಎಂದು ಕೂಗಿದೆ. ಅಷ್ಟು ಹೇಳಿ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟೆ.

ಮೇಸ್ತ್ರಿ ನೀರಿನ ಬಾಟಲಿ ಕೊಟ್ಟರು. ನಾನು ತಿನ್ನರಿನಲ್ಲಿ ತೊಳೆದದ್ದನ್ನು ಒಂದೂ ಬಿಡದೆ ಹೇಳಿದೆ. "ತಪ್ಪು ನಂದು" ಎಂದೆ. ಆ ಮಾತನ್ನು ಆ ಕಂಪನಿಯಲ್ಲಿ ನಾನು ಆಡಿದ್ದು ಅದೇ ಮೊದಲು.

"ಗೊತ್ತಾಯ್ತು ಕಣಕ್ಕ. ಚೀಲ ಬಿಚ್ತಿದ್ದಂಗೆ ವಾಸ್ನೆ ಮೂಗಿಗೆ ಒಡೀತು. ಲೇಬಲ್ ನೋಡಿದ್ರೆ ಬೋಳು. ಇವತ್ತು ಕೆಲ್ಸ ಬ್ಯಾಡ ಅಂತ ನಿಲ್ಲಿಸ್ದೆ."

"ಅಂದ್ರೆ ನೀವು ನೋಡಿದ್ರಾ?"

"ದಿನಾ ನೋಡ್ತೀನಿ. ಇಲ್ಲಿ ಮ್ಯಾಲೆ ಬಂದು, ಒಂದೊಂದ್ ಒಲಿಗೇನೂ ಎಳ್ದು ನೋಡ್ತೀನಿ. ನಿಮ್ ಮುಂದೆ ನೋಡಿದ್ರೆ ಬೇಜಾರ್ ಮಾಡ್ಕೊಂತೀರಲ್ಲ, ಅದಕ್ಕೆ ಅಂಗಂತಿದ್ದೆ."

ಇಷ್ಟು ವರ್ಷ ನಾನು ಹಬ್ಬದೂಟದ ಹಾಗೆ ಉಂಡಿದ್ದ ಮಾತು ಬರೀ ಮರ್ಯಾದೆಯ ಮಾತಾಗಿತ್ತು. ನೋವಾಯಿತು, ಸುಳ್ಳು ಯಾಕೆ ಹೇಳಲಿ. "ಹಾಗಾದ್ರೆ ನನ್ನ ಮೇಲೆ ನಂಬಿಕೆಯೇ ಇರ್ಲಿಲ್ಲ?" ಎಂದೆ.

"ಗೌರವ ಐತೆ ಅಕ್ಕ. ನಂಬ್ಕೆ ನನ್ ಮ್ಯಾಲೂ ಇಲ್ಲ, ಅದಕ್ಕೇ ಎರಡೆರಡ್ ಸಲ ನೋಡೋದು." ಅವರು ನಾಗಸಂದ್ರದವನ ಕಡೆ ಗಲ್ಲ ಎತ್ತಿ ತೋರಿಸಿದರು. "ಇವನ್ದೇ ಕಷ್ಟ. ನಾನು ನನ್ ಚೀಲ ಬಿಚ್ಚೋ ಒತ್ಗೆ ಇವನು ಕಂಬಕ್ಕೆ ಸುತ್ತಿ, ಅಗ್ಗ ಆಕ್ಕೊಂಡು, ಗೋಡೆ ದಾಟಕ್ಕೆ ಕಾಲ್ ಎತ್ತಿದ್ದ. ಬೆಲ್ಟ್ ಇಡ್ಕೊಂಡು ಎಳ್ದೆ. ಯಾಕೋ ನೋಡ್ಲಿಲ್ಲ ಅಂತ ಕೇಳಿದ್ರೆ ಏನಂದ ಗೊತ್ತಾ?"

ನನಗೆ ಗೊತ್ತಿತ್ತು. ಅವನು ತಲೆ ತಗ್ಗಿಸಿಕೊಂಡು ಕುಳಿತಿದ್ದ. "ಅಕ್ಕ ಕೊಟ್ಟಿದ್ದು ಅಂತ..." ಎಂದು ಮಾತು ನುಂಗಿಕೊಂಡ.

ಮೇಸ್ತ್ರಿ ಮೇಲೆ ಬಂದು ನೋಡುತ್ತಿದ್ದದ್ದು ಅವನಿಗೆ ಪಾಠವಾಗಿರಲಿಲ್ಲ. ಅವನು ಕಲಿತದ್ದು ನನ್ನ ಮೇಜಿನ ಮುಂದೆ ಕಂಡದ್ದನ್ನು. ಮೇಜಿನ ಮುಂದೆ ಯಾರೂ ನೋಡದ ಹಾಗೆ ಮಾಡಿದವಳು ನಾನು.

ಆವತ್ತು ಮಧ್ಯಾಹ್ನ ಕಂಪನಿಯ ಯಜಮಾನರಿಗೆ ನಾನೇ ಎಲ್ಲ ಹೇಳಿದೆ. ತಿನ್ನರ್ ಕಂಡ ಸ್ಲಿಂಗುಗಳನ್ನೆಲ್ಲ ದೊಡ್ಡ ಕತ್ತರಿಯಿಂದ ತುಂಡು ಮಾಡಿದೆ. ಇಡಿಯಾಗಿ ಬಿಟ್ಟರೆ ಯಾರಾದರೂ ಗಟ್ಟಿ ಇದೆಯಲ್ಲ ಎಂದು ಮತ್ತೆ ಕಟ್ಟಿಕೊಂಡಾರು. ಸೇಫ್ಟಿ ಹುಡುಗಿಯ ಕಾಗದ ಈಗ ನನ್ನ ಮೇಜಿನ ಎದುರಿಗಿದೆ, ಕ್ಯಾಲೆಂಡರ್ ಬಾಗಿಲ ಹಿಂದಕ್ಕೆ ಹೋಯಿತು. ಹಬ್ಬಕ್ಕೆ ಕುಂಕುಮ ಇಡುವುದು ರ‍್ಯಾಕಿನ ಕಬ್ಬಿಣಕ್ಕೆ ಮಾತ್ರ.

ಹೊಸ ಸ್ಲಿಂಗುಗಳು ಬಂದ ದಿನ ನಾಗಸಂದ್ರದವನು ಎರಡನ್ನು ಎತ್ತಿಕೊಂಡು ಹೊರಟ. "ನಿಲ್ಲಪ್ಪ. ಇಲ್ಲೇ, ನನ್ನ ಮುಂದೆ ನೋಡು" ಎಂದೆ. ಅವನು ಹೆದರಿ ಹೆದರಿ ಹೊಲಿಗೆ ಮುಟ್ಟಿದ. "ಹಾಗಲ್ಲ, ಎಳೆದು ನೋಡು" ಎಂದು ಗದರಿದೆ. ಈಗ ಅವನಿಗೆ ಅದೇ ಅಭ್ಯಾಸವಾಗಿದೆ.

ಹೋದ ವಾರ ಅವನು ನಾನು ಕೊಟ್ಟ ಒಂದು ಸ್ಲಿಂಗನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ತುಂಬಾ ಹೊತ್ತು ನೋಡಿದ. ವಾಪಸ್ಸು ಬಂದು ಮೇಜಿನ ಮೇಲಿಟ್ಟ. "ಅಂಚು ಸ್ವಲ್ಪ ಕಿತ್ತಿದೆ ಅಕ್ಕ. ಇದು ಬೇಡ" ಎಂದ. ಬೆಳಿಗ್ಗೆಯಷ್ಟೇ ನಾನು ಅದನ್ನು ನೋಡಿ ಸರಿಯಿದೆ ಎಂದು ಬರೆದಿದ್ದೆ. ಮೈ ಉರಿಯಿತು, ಬಾಯಿಯವರೆಗೂ ಮಾತು ಬಂತು. ಕನ್ನಡಕ ಹಾಕಿಕೊಂಡು ನೋಡಿದೆ. ಅಂಚು ನಿಜಕ್ಕೂ ಕಿತ್ತಿತ್ತು. ಎದ್ದು ಹೋಗಿ ಇನ್ನೊಂದು ತಂದುಕೊಟ್ಟೆ. ಅವನು ಅದನ್ನೂ ಕಿಟಕಿಯ ಹತ್ತಿರ ತೆಗೆದುಕೊಂಡು ಹೋದ.