ತೊಟ್ಟಿಲು ನಿಲ್ಲುವ ಗಳಿಗೆ

ಹೋದ ತಿಂಗಳು ನನ್ನ ಹೆಂಡತಿಗೆ ನನ್ನ ಕಣ್ಣೆದುರಿಗೇ ನಾಲ್ಕು ಸಲ ಗುದ್ದು ಬಿದ್ದವು. ಗುದ್ದಿದವರು ತಿಕೋಟಾದ ಹೆಂಗಸರು. 'ಇನ್ನೊಮ್ಮೆ ಗುದ್ದಿ' ಎಂದು ಕೇಳಿಕೊಂಡವನು ನಾನು.

ಗಾಬರಿಯಾಗಬೇಡಿ. ಕೂಸಿಗೆ ಹೆಸರಿಡುವಾಗ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ. ಹೇಳಿದ್ದೇ ತಡ, ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ನಮ್ಮ ಕಡೆಯ ಈ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಇದರ ಫೋಟೊ ತೆಗೆಯಲು ಹೋದವನ ಪಾಡು ಗೊತ್ತಿರಲಿಕ್ಕಿಲ್ಲ.

ನನ್ನ ಹೆಂಡತಿ ಶಾಂತವ್ವನ ತಮ್ಮ ಮಲ್ಲಪ್ಪ ಮಿಲಿಟರಿಯಲ್ಲಿದ್ದಾನೆ. ಅವನಿಗೆ ಮೊದಲ ಮಗಳು ಹುಟ್ಟಿದಳು. ರಜೆ ಸಿಗಲಿಲ್ಲ. ಪತ್ರ ಬರೆದ: 'ಮಾಮಾ, ನೀವು ಕ್ಯಾಮೆರಾ ತಗೊಂಡೀರಂತ ಅಕ್ಕ ಬರದಾಳ. ಮಗಳ ಮಾರಿ ಹೆಂಗೈತಿ ಅಂದ್ರ ಒಬ್ಬರು ನನ್ನಂಗ ಅಂತಾರ, ಒಬ್ಬರು ಅವರವ್ವನಂಗ ಅಂತಾರ. ನಂಗ ನೋಡಬೇಕಾಗೈತಿ. ಒಂದ ಫೋಟೊ ಚಂದಂಗ ತೆಗದ ಕಳಸ್ರಿ.'

ಪತ್ರವನ್ನು ಎರಡು ಸಲ ಓದಿದೆ. ಎದೆ ಉಬ್ಬಿತು. ಆ ಉಬ್ಬಿದ ಎದೆಯೇ ಎಲ್ಲ ಅನರ್ಥಕ್ಕೂ ಕಾರಣ.

ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯ ಹತ್ತಿರ ಸ್ಟುಡಿಯೊ ಇಟ್ಟಿರುವ ದಸ್ತಗೀರಸಾಹೇಬರು ಹುಡುಕಿ ಕೊಡಿಸಿದ್ದು. ಹೊರಡುವ ಹಿಂದಿನ ದಿನ ಅವರು ಕರೆದು ಹೇಳಿದರು: 'ಸರ್, ಮನಿಯೊಳಗಿನ ಬೆಳಕಿನ್ಯಾಗ ಅಲುಗಾಡೋ ಮಂದಿ ಫೋಟೊ ತೆಗಿಯೂದು ಭಾಳ ತ್ರಾಸ ಐತ್ರಿ. ಆದ್ರ ಯಾರನ್ನೂ ನಿಲ್ಲಸಾಕ ಹೋಗಬ್ಯಾಡ್ರಿ. ತೊಟ್ಟಿಲಾ ಎಷ್ಟ ತೂಗಿದ್ರೂ ಆ ತುದಿಗೊಮ್ಮೆ ಈ ತುದಿಗೊಮ್ಮೆ ಒಂದ ಗಳಿಗಿ ತಾನ ನಿಲ್ಲತೈತಿ. ತುದಿ ಕಾಯ್ರಿ. ನಿಂತಾಗ ಒತ್ರಿ.'

ನಾನು ಹೈಸ್ಕೂಲು ಮಾಸ್ತರ. ನನಗೇ ಪಾಠವೇ? ಮನೆಗೆ ಬಂದು ಈ ತುದಿಯ ಉಪದೇಶವನ್ನು ಸಾಹೇಬರ ಧಾಟಿಯಲ್ಲೇ ಹೆಂಡತಿಗೆ ಮಾಡಿ ತೋರಿಸಿ ನಕ್ಕೆ. ಶಾಂತವ್ವ ನಗಲಿಲ್ಲ. ಜೋಳದ ಹಿಟ್ಟು ನಾದುತ್ತ ಕೇಳಿಸಿಕೊಂಡಳು.

ತಿಕೋಟಾ ಮಲ್ಲಪ್ಪನ ಹೆಂಡತಿಯ ತವರು. ಹಳೆಯ ಮಾಳಿಗೆ ಮನೆ. ನಡುಮನೆಯಲ್ಲಿ ತೊಟ್ಟಿಲು. ಬೆಳಕಿಂಡಿಯಿಂದ ಇಳಿದ ಒಂದು ತುಂಡು ಬಿಸಿಲು ಬಿಟ್ಟರೆ ಉಳಿದದ್ದೆಲ್ಲ ಮಬ್ಬು. ನನ್ನ ಹತ್ತಿರ ರೋಲಿನಲ್ಲಿ ಹನ್ನೆರಡು ಫೋಟೊ, ಫ್ಲ್ಯಾಶಿನ ಬಲ್ಬು ನಾಲ್ಕು. (ಒಂದು ಬಲ್ಬು ಒಂದೇ ಫೋಟೊಕ್ಕೆ. ಫಟ್ಟೆಂದರೆ ಅದರ ಆಯುಷ್ಯ ಮುಗಿಯಿತು.)

ಶಾಂತವ್ವ ಬಗ್ಗಿದಳು. ಹೆಂಗಸರು ಮುಷ್ಟಿ ಎತ್ತಿದರು. ನಾನು ಕ್ಲಾಸಿನ ದನಿ ತೆಗೆದೆ: 'ಯಾರೂ ಅಲುಗಾಡಬ್ಯಾಡ್ರಿ.'

ಎಲ್ಲರೂ ಕಲ್ಲಾದರು. ಫೋಟೊ ಎಂದರೆ ಉಸಿರು ಬಿಗಿಹಿಡಿದು ನಿಲ್ಲುವುದು ಎಂದೇ ಅವರೆಲ್ಲರ ತಿಳಿವಳಿಕೆ (ನನ್ನದೂ ಅದೇ). ಎತ್ತಿದ ಮುಷ್ಟಿ ಎತ್ತಿದಂತೆಯೇ ಇತ್ತು. ಶಾಂತವ್ವ 'ಕುರ್ರ್' ಎಂದವಳು ಹೆಸರನ್ನು ಬಾಯಲ್ಲೇ ಹಿಡಿದುಕೊಂಡಳು. ಅಲುಗಾಡಬಾರದೆಂದು ಕೂಸಿಗೆ ಮಾತ್ರ ತಿಳಿಯಲಿಲ್ಲ. ಬಲ್ಬು ಫಟ್ಟೆನ್ನುವಷ್ಟರಲ್ಲಿ ಅದು ಮುಖ ತಿರುವಿ, ಕೈಕಾಲು ಬಡಿದು, ಮನೆ ಹಾರಿಹೋಗುವಂತೆ ಅತ್ತಿತು. ಆಮೇಲೆ ಹೆಸರು ಬಂತು, ಗುದ್ದೂ ಬಿದ್ದವು.

'ಇನ್ನೊಮ್ಮೆ' ಎಂದೆ. ಮತ್ತೆ ಕುರ್ರ್, ಮತ್ತೆ ಗುದ್ದು. ಈ ಸಲ 'ನಿಲ್ಲಬ್ಯಾಡ್ರಿ, ನಿಮ್ಮಷ್ಟಕ್ಕೆ ನೀವು ಮಾಡ್ರಿ' ಎಂದದ್ದರಿಂದ ಎಲ್ಲರೂ ನನ್ನನ್ನೇ ನೋಡುತ್ತ ಗುದ್ದಿದರು. ನಾಲ್ಕು ಬಲ್ಬು ಮುಗಿಯುವವರೆಗೂ ಇದು ನಡೆಯಿತು. ಕೊನೆಗೆ ಕೂಸಿನ ಮುತ್ತಜ್ಜಿ ಕೋಲೂರಿ ಎದ್ದಳು.

'ಅಳಿಯಾರ, ನಾಕ ಸಲ ಹೆಸರಿಟ್ಟ ಕೂಸು ನಮ್ಮೂರಾಗ ಇದೊಂದ ನೋಡ್ರಿ. ಹೆಸರು ಗಟ್ಟಿಯಾತು. ಇನ್ನ ಉಣ್ಣಾಕ ಏಳ್ರಿ.'

ಸುಮ್ಮನೆ ಏಳುವ ಕುಳವೇ ನಾನು? ಬಲ್ಬಿಲ್ಲದೆ, ತೂಗುತ್ತಿದ್ದ ತೊಟ್ಟಿಲಿನ ಹಿಂದೆ ಮುಂದೆ ಓಡಾಡಿ ಇನ್ನೂ ಏಳು ಹೊಡೆದೆ. ಅಷ್ಟರಲ್ಲಿ ಗೋದಿ ಹುಗ್ಗಿಯ ವಾಸನೆ ಬಂತು. ಒಂದು ಫೋಟೊ ಉಳಿದಿತ್ತು. ಕ್ಯಾಮೆರಾ ಗೂಡಿನಲ್ಲಿಟ್ಟು ಪಂಕ್ತಿಗೆ ಕೂತೆ. ಉಂಡು ಬಂದು ನೋಡಿದರೆ ಹನ್ನೆರಡೂ ಮುಗಿದಿದ್ದವು. ನನ್ನದೇ ಎಣಿಕೆ ತಪ್ಪಿರಬೇಕು ಎಂದುಕೊಂಡೆ.

ಸ್ಟುಡಿಯೊದಲ್ಲಿ ದಸ್ತಗೀರಸಾಹೇಬರು ಒಂದೊಂದೇ ಪ್ರಿಂಟು ಮುಂದಿಟ್ಟರು.

'ಗ್ವಾಡಿ ಭಾಳ ಚಂದ ಬಂದೈತ್ರಿ ಸರ್. ಈ ತಾಮ್ರದ ಕೊಡನೂ ಅಡ್ಡಿಯಿಲ್ಲ. ಇದು ನಿಮ್ಮ ಮನಿ ಬಾಯಾರ ಬೆನ್ನೇನ್ರಿ?'

ಕೂಸು? ಹನ್ನೊಂದರಲ್ಲೂ ಬರೀ ಹೊಗೆಯಂಥ ಮಸುಕು. ಗಡಿಯಲ್ಲಿ ಎಲ್ಲೋ ಕೂತ ಮಲ್ಲಪ್ಪ ಲಕೋಟೆ ಒಡೆದು ತಾಮ್ರದ ಕೊಡ ನೋಡುವುದನ್ನು ನೆನೆದು ನನಗೆ ನಿಜಕ್ಕೂ ನಾಚಿಕೆಯಾಯಿತು. ಅವನು ಕೇಳಿದ್ದು ಒಂದೇ ಒಂದು ಮುಖ.

ಆಗ ಸಾಹೇಬರು ಹನ್ನೆರಡನೆಯದನ್ನು ಇಟ್ಟರು. ಕೂಸಿನ ಮುಖ, ಕೆನ್ನೆಯ ಮೇಲೆ ಬೆಳಕಿಂಡಿಯ ಬಿಸಿಲು. ರೆಪ್ಪೆಯ ಕೂದಲು ಎಣಿಸಬಹುದಿತ್ತು. ಹುಬ್ಬು ಥೇಟ್ ಮಲ್ಲಪ್ಪನವು.

'ಇದನ್ನ ಯಾರ ತೆಗದಾರ್ರಿ?'

'ನಾನ' ಎಂದೆ.

ಅವರು ನನ್ನನ್ನು ನೋಡಿದರು. ಉಳಿದ ಹನ್ನೊಂದನ್ನು ನೋಡಿದರು. 'ಹೌದ್ರಿ' ಎಂದರು. ಮರ್ಯಾದಸ್ತ ಮನುಷ್ಯ.

ಮನೆಗೆ ಬಂದು ಕೇಳಿದರೆ ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: 'ನೀವು ಹುಗ್ಗಿ ಉಣ್ಣಾಕತ್ತಿದ್ರಿ. ತೊಟ್ಟಿಲಾ ಈ ತುದಿಗೆ ಬಂದಾಗ ಕೂಸಿನ ಮಾರಿ ಬಿಸಲಾಗ ಬರತಿತ್ತು, ಬಂದು ನಿಲ್ಲತಿತ್ತು. ಸಾಹೇಬ್ರು ಹೇಳಿದ್ದನ್ನ ನೀವ ಮಾಡಿ ತೋರಿಸಿದ್ರಲ್ಲ. ನಾಕ ಮಕ್ಕಳನ್ನ ತೂಗೇನಿ, ತೊಟ್ಟಿಲಾ ಯಾವಾಗ ನಿಲ್ಲತೈತಿ ಅಂತ ನಂಗ ಗೊತ್ತಾಗೂದಿಲ್ಲೇನ್ರಿ?'

ನಾನು ಎರಡು ತಿಂಗಳು ಕ್ಯಾಮೆರಾ ಒರೆಸಿದ್ದೆ. ಅವಳು ಒಂದು ಸಲ ಮುಟ್ಟಿದ್ದಳು.

ಫೋಟೊ ಕಳಿಸಿದೆ. ಹಿಂದುಗಡೆ ನನ್ನ ಸಹಿ ಹಾಕಿ ಕಳಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಈ ಸೋಮವಾರ ಮಲ್ಲಪ್ಪನ ಪತ್ರ ಬಂತು. 'ಮಾಮಾ, ಮಗಳ ಮಾರಿ ನೋಡಿದೆ. ಅಂಗಿ ಕಿಸೆದಾಗ ಇಟಗೊಂಡೇನಿ. ನಿಮ್ಮ ಕೈ ಭಾರಿ ಐತಿ. ಒಂದ ಮಾತು. ಅಕ್ಕನ ಮಾರಿ ನೋಡಿ ವರ್ಷ ಆತು. ಹೆಸರಿಟ್ಟಾಕಿನ ಆಕಿ, ಈ ಫೋಟೊದಾಗ ಆಕಿ ಯಾಕ ಇಲ್ಲ?'

ಶಾಂತವ್ವ ಪತ್ರ ಓದಿದಳು. ಪೆನ್ನು ತಂದು ನನ್ನ ಮುಂದಿಟ್ಟು, 'ಉತ್ತರಾ ಬರೀರಿ' ಎಂದು ಒಳಗೆ ಹೋದಳು.

ಅದೇ ಪೆನ್ನಿನಿಂದ ಈ ಅಂಕಣ ಬರೆದು ಮುಗಿಸಿದ್ದೇನೆ. ಆ ಪತ್ರದ ಉತ್ತರ ಇನ್ನೂ 'ಚಿ. ಮಲ್ಲಪ್ಪನಿಗೆ' ಎಂಬಲ್ಲೇ ನಿಂತಿದೆ.

ಊರಿಗೆಲ್ಲ ಹೇಳಿದ ಮಾತನ್ನು ಅವನೊಬ್ಬನಿಗೆ ಬರೆಯುವಾಗ ಈ ಕೈ ಯಾಕೆ ಅಲುಗುತ್ತದೆ?